ಮೇಷ್ಟ್ರು ಹೇಳಿದ ಕತೆ

(ದಕ್ಷಿಣ ಫ್ರಾನ್ಸಿನ ಬೋಳುಗುಡ್ಡಗಳಲ್ಲಿ ಒಬ್ಬನೇ ಕಾಡು ಬೆಳೆಸಿದ ಕುರಿಗಾಹಿಯ ಕತೆಯನ್ನು ಎಂಟನೇ ತರಗತಿಯಲ್ಲಿ ಮೇಷ್ಟ್ರು ಹೇಳಿದ್ದರು, ನಿಜವಾಗಿ ನಡೆದದ್ದೆಂದೇ ಹೇಳಿದ್ದರು. ಮೂವತ್ತು ವರ್ಷದ ಮೇಲೆ ‘ಮರ ನೆಟ್ಟ ಮನುಷ್ಯ’ ಮತ್ತೆ ಕೈಗೆ ಸಿಕ್ಕಿತು. ಅಂಥವನು ಹುಟ್ಟಿಯೇ ಇರಲಿಲ್ಲವಂತೆ! ಮೇಷ್ಟ್ರು ಈಗಲೂ ಊರಿನಲ್ಲಿದ್ದಾರೆ. ಹೋಗಿ ಕೇಳಲೇ? – ಒಬ್ಬ ಓದುಗ)

ಮಾನ್ಯರೇ,

ಈ ಕತೆಯನ್ನು ನಿಜವೆಂದು ನಂಬಿದವರಲ್ಲಿ ನಿಮ್ಮ ಮೇಷ್ಟ್ರು ಮೊದಲಿಗರಲ್ಲ. ಮರೆಯಲಾಗದ ವ್ಯಕ್ತಿಯೊಬ್ಬರ ಬಗ್ಗೆ ಬರೆದುಕೊಡಿ ಎಂದು 1953ರ ಸುಮಾರಿಗೆ ಅಮೆರಿಕದ ರೀಡರ್ಸ್ ಡೈಜೆಸ್ಟ್ ಕೇಳಿದಾಗ ಫ್ರೆಂಚ್ ಲೇಖಕ ಝಾನ್ ಜಿಯೊನೊ ಇದನ್ನು ಬರೆದು ಕಳಿಸಿದರು. ಪತ್ರಿಕೆಯವರು ವಿಚಾರಿಸಿ ನೋಡಿದರೆ, ಕತೆಯ ಕುರಿಗಾಹಿ ಎಲ್ಜಿಯಾರ್ ಬುಫಿಯೆ ತೀರಿಕೊಂಡನೆಂದು ಹೇಳಿದ ಬಾನೋನ್ ಊರಿನಲ್ಲಿ ಅವನ ಸುಳಿವೇ ಇಲ್ಲ. ಕತೆ ವಾಪಸಾಯಿತು. (ಸಂಪಾದಕನಾದ್ದರಿಂದ ನನಗೆ ಅವರ ಮೇಲೆ ಕನಿಕರವಿದೆ.) 1954ರಲ್ಲಿ ಅದನ್ನು ಅಚ್ಚು ಹಾಕಿದ್ದು ವೋಗ್, ಒಂದು ಫ್ಯಾಷನ್ ಪತ್ರಿಕೆ! ಮುಂದೆ 1957ರಲ್ಲಿ ಅರಣ್ಯಾಧಿಕಾರಿಯೊಬ್ಬರಿಗೆ ಬರೆದ ಪತ್ರದಲ್ಲಿ ಜಿಯೊನೊ ಒಪ್ಪಿಕೊಂಡರು: ಬುಫಿಯೆ ಕಲ್ಪನೆಯ ಮನುಷ್ಯ, ಜನರಿಗೆ ಮರದ ಮೇಲೆ ಪ್ರೀತಿ ಹುಟ್ಟಿಸುವುದಷ್ಟೇ ಉದ್ದೇಶ. ಸುಳ್ಳನ್ನು ಮೇಷ್ಟ್ರ ತಲೆಗೆ ಕಟ್ಟಬೇಡಿ.

ನಿಮ್ಮ ಪತ್ರದ ನೆಪದಲ್ಲಿ ನಾನೂ ಮತ್ತೆ ಓದಿದೆ. ಹುಡುಗನಾಗಿ ಓದಿದ್ದರಲ್ಲಿ ಉಳಿದಿದ್ದು ಕಾಡು ಮಾತ್ರ. ಈ ಸಲ ಕಣ್ಣು ಹೋಗಿ ನಿಂತದ್ದು ಬುಫಿಯೆಯ ಮೇಜಿನ ಮೇಲೆ. ರಾತ್ರಿ ಓಕ್ ಬೀಜಗಳನ್ನು ರಾಶಿ ಸುರಿದುಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ಒಂದೊಂದನ್ನೇ ನೋಡುತ್ತಾನೆ. ಸಣ್ಣವು, ಸೀಳು ಬಿಟ್ಟವು ಆಚೆಗೆ. ಬಂದ ಅತಿಥಿ ಕೈ ಜೋಡಿಸಲು ಹೊರಟರೆ, ಇದು ನನ್ನ ಕೆಲಸ ಎನ್ನುತ್ತಾನೆ. ನೂರು ಗಟ್ಟಿ ಬೀಜ ಸಿಕ್ಕಮೇಲೆಯೇ ನಿದ್ದೆ. ಮೂರು ವರ್ಷಕ್ಕೆ 1 ಲಕ್ಷ ಬೀಜ ಊರಿದ್ದಾನೆ, ಮೊಳೆತದ್ದು 20 ಸಾವಿರ, ಅದರಲ್ಲೂ ಅರ್ಧ ಹೋಗುತ್ತದೆಂದು ತಾನೇ ಲೆಕ್ಕ ಹಿಡಿದಿದ್ದಾನೆ.

ನನ್ನದೊಂದು ತಕರಾರಿದೆ. ಈ ಕತೆಯಲ್ಲಿ ಯಾರೂ ಗಿಡಕ್ಕೆ ನೀರು ಹೊರುವುದಿಲ್ಲ. ಹೊರಡುವಾಗ ಬೀಜದ ಚೀಲವನ್ನು ಬಕೆಟ್ಟಿನಲ್ಲಿ ಒಮ್ಮೆ ಅದ್ದಿದರೆ ಮುಗಿಯಿತು. ಹುಲಿಕಲ್–ಕುದೂರು ರಸ್ತೆಯಲ್ಲಿ ಆಲದ ಸಸಿ ನೆಟ್ಟ ತಿಮ್ಮಕ್ಕ, ಚಿಕ್ಕಯ್ಯ ದಂಪತಿ ಕೊಡದಲ್ಲಿ ನೀರು ಹೊತ್ತರು, ದನ ಮೇಯದಂತೆ ಮುಳ್ಳು ಕಟ್ಟಿದರು. ಬಯಲುಸೀಮೆಯ ನನಗೆ ಆ ಕೊಡವಿಲ್ಲದೆ ಮರ ಎದ್ದರೆ ನಂಬಿಕೆ ಬರುವುದಿಲ್ಲ. ಆದರೆ ಸಸಿ ತಿನ್ನುತ್ತವೆಂದು ಬುಫಿಯೆ ನಾಲ್ಕೇ ಕುರಿ ಉಳಿಸಿಕೊಂಡು ಜೇನು ಸಾಕಲು ಹೊರಟ ಮಾತಿಗೆ ತಲೆದೂಗಿದೆ. ಅದನ್ನು ಕುರಿಯ ಬಾಯಿ ಬಲ್ಲವನೇ ಬರೆಯಬೇಕು.

ಇನ್ನು ಮೇಷ್ಟ್ರ ವಿಷಯ. ಖಂಡಿತ ಹೋಗಿ. ಒಂದು ವರ್ಷ ಬುಫಿಯೆ 10 ಸಾವಿರಕ್ಕೂ ಹೆಚ್ಚು ಮೇಪಲ್ ಸಸಿ ನೆಟ್ಟ, ಒಂದೂ ಉಳಿಯಲಿಲ್ಲ. ಮರುವರ್ಷ ಮೇಪಲ್ ಕೈಬಿಟ್ಟು ಬೀಚ್ ಮರಕ್ಕೆ ಮರಳಿದ. ನಿಮ್ಮ ನಾಲ್ಕು ಪುಟದ ಪತ್ರದಲ್ಲಿ ಈ ಭಾಗವೇ ಕಾಣಲಿಲ್ಲ. ಅವರು ಬಿಟ್ಟು ಹೇಳಿದರೋ, ನೀವು ಮರೆತಿರೋ? ಕೇಳುವುದಾದರೆ ಅದನ್ನು ಕೇಳಿ, ನನಗೂ ಒಂದು ಸಾಲು ಬರೆಯಿರಿ.

– ಸಂ.