ಹಾರಕ್ಕೆ ಮೊದಲು ರಶೀದಿ

ಸೋಮವಾರಪೇಟೆಯ ಸೋದರಿಗೆ,

ಈ ವಾರದ ಕಾಗದಗಳಲ್ಲಿ ನಿಮ್ಮದನ್ನು ಓದಿದ ಮೇಲೆ ಉಳಿದವನ್ನು ಮುಂದಿನ ವಾರಕ್ಕೆ ಎತ್ತಿಟ್ಟೆ. ಓದುಗರಿಗಾಗಿ ನಿಮ್ಮ ಸಂಗತಿಯನ್ನು ಚಿಕ್ಕದಾಗಿ ಹೇಳುತ್ತೇನೆ. ಇಪ್ಪತ್ತು ವರ್ಷಗಳ ಹಿಂದೆ, ನೀವು ಮದುವೆಯಾಗಿ ಬಂದ ಹೊಸತರಲ್ಲಿ, ಪ್ರತಿ ಸಂಜೆ ಒಂದು ಹಾಸ್ಯ ಧಾರಾವಾಹಿ ಬರುತ್ತಿತ್ತು. ಅದರಲ್ಲಿ ಬಾಯಿಬಡುಕಿ ನಾದಿನಿಯ ಪಾತ್ರ ಮಾಡಿದ ನಟಿಯೆಂದರೆ ನಿಮಗೂ ನಿಮ್ಮ ಅತ್ತೆಯವರಿಗೂ ಪ್ರಾಣ. ಆಕೆಗೆ ಈಗ ಕ್ಯಾನ್ಸರ್, ಬೆಂಗಳೂರಿನಲ್ಲಿ ಚಿಕಿತ್ಸೆ ನಡೆದಿದೆ. ಜಿಲ್ಲೆಯ ಅಭಿಮಾನಿಗಳು ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡು, ಮಡಿಕೇರಿಯಲ್ಲಿ ಸಭಾಂಗಣ ಹಿಡಿದು, ‘ನೆನಪಿನ ಸಂಜೆ’ ನಡೆಸಲು ಹೊರಟಿದ್ದಾರೆ. ನಿರೂಪಣೆಯನ್ನು ಶಿಕ್ಷಕಿಯಾದ ನಿಮಗೆ ವಹಿಸಿದ್ದಾರೆ. ಬದುಕಿರುವವರ ಭಾವಚಿತ್ರಕ್ಕೆ ಹಾರ ಹಾಕಿ, ‘ಎಷ್ಟು ಚೆನ್ನಾಗಿ ನಟಿಸುತ್ತಿದ್ದರು’ ಎಂದು ಮಾತಾಡುವುದು ಅಪಶಕುನವಲ್ಲವೇ, ಒಪ್ಪಿಕೊಳ್ಳಲೋ ಬೇಡವೋ ಎಂದು ಕೇಳಿದ್ದೀರಿ.

ಶಕುನದ ಮಾತಿಗೆ ಆಮೇಲೆ ಬರುತ್ತೇನೆ. ಕಾಗದದ ಮೂರನೆಯ ಪುಟದಲ್ಲಿ, ಸಭಾಂಗಣದ ಬಾಡಿಗೆಯ ಪ್ರಸ್ತಾಪ ಬಂದಾಗ, ‘ಚಿಕಿತ್ಸೆಗೆಂದು ಎಲ್ಲರೂ ಕೊಟ್ಟ 68,000 ರೂಪಾಯಿ ಹೇಗೂ ಮೈದುನನ ಖಾತೆಯಲ್ಲಿಯೇ ಇದೆ, ಖರ್ಚನ್ನು ಅದರಲ್ಲೇ ತೂಗಿಸೋಣ ಎನ್ನುತ್ತಾನೆ’ ಎಂದು ಒಂದು ಸಾಲು ಬರೆದು, ಏನೂ ಆಗದವರಂತೆ ಮುಂದಕ್ಕೆ ಹೋಗಿದ್ದೀರಿ. ಅಮ್ಮಾ, ಅಲ್ಲಿ ನಿಲ್ಲಬೇಕಿತ್ತು. ಅಂಕಣದ ಹಳೆಯ ಓದುಗರು ನಗಬಹುದು; ಮದುವೆಯ ಕಾಗದವಿರಲಿ, ಅಣ್ಣ ತಮ್ಮಂದಿರ ಪಾಲಿನ ಕಾಗದವಿರಲಿ, ಹಣ ಯಾರ ಕೈಯಲ್ಲಿದೆ ಎಂದು ಮೊದಲು ಹುಡುಕುವವನು ನಾನು. ಆದರೆ ಅಪಶಕುನವೆಂದು ನಿಮಗೆ ಅನ್ನಿಸುತ್ತಿರುವ ಆ ಕಸಿವಿಸಿಯ ಬೇರು ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

ಅಮೆರಿಕದ ಹಾಸ್ಯ ನಟಿ ವ್ಯಾಲರಿ ಹಾರ್ಪರ್ ಅವರ ಕತೆ ನಿಮಗೆ ತಿಳಿದಿರಲಾರದು. 1970ರಲ್ಲಿ ಶುರುವಾದ ಮೇರಿ ಟೈಲರ್ ಮೂರ್ ಅವರ ಧಾರಾವಾಹಿಯಲ್ಲಿ ನಾಯಕಿಯ ಮೇಲಿನ ಮನೆಯ ಗೆಳತಿ ರೋಡಾ ಆಗಿ ಆಕೆ ಎಷ್ಟು ಮೆಚ್ಚುಗೆ ಗಳಿಸಿದರೆಂದರೆ, 1974ರಲ್ಲಿ ಆ ಪಾತ್ರದ ಹೆಸರಿನಲ್ಲಿಯೇ ಬೇರೆಯದೊಂದು ಧಾರಾವಾಹಿ ಬಂತು. ಅಮೆರಿಕದ ಟಿ.ವಿ. ಕಾರ್ಯಕ್ರಮಗಳಿಗೆ ಕೊಡುವ ಎಮ್ಮಿ ಪ್ರಶಸ್ತಿಗಳೂ ನಾಲ್ಕು ಬಂದವು. 2009ರಲ್ಲಿ ಆಕೆಗೆ ಶ್ವಾಸಕೋಶದ ಕ್ಯಾನ್ಸರ್ ಆಯಿತು. 2013ರ ಜನವರಿಯಲ್ಲಿ ಅದು ಮಿದುಳಿನ ಸುತ್ತಲಿನ ಪೊರೆಗೆ ಹಬ್ಬಿರುವುದು ತಿಳಿದು, ಉಳಿದಿರುವುದು ಮೂರೇ ತಿಂಗಳಿರಬಹುದು ಎಂದು ವೈದ್ಯರು ಹೇಳಿದರು. ವಿಷಯವನ್ನು ಆಕೆಯೇ ಜನರಿಗೆ ತಿಳಿಸಿದಾಗ ಅಭಿಮಾನಿಗಳು ಅತ್ತರು. ಶವಸಂಸ್ಕಾರದ ದಿನ ಬರುವ ಮೊದಲೇ ಯಾರೂ ಶವಸಂಸ್ಕಾರಕ್ಕೆ ಹೋಗಬೇಡಿ ಎಂಬ ಅರ್ಥದ ಮಾತನ್ನು ಅವರಿಗೆ ಹೇಳಿದವರೂ ಆಕೆಯೇ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ದೂರದರ್ಶನದ ನೃತ್ಯ ಸ್ಪರ್ಧೆಯೊಂದರಲ್ಲಿ ಕುಣಿದರು. ತೀರಿಕೊಂಡದ್ದು 2019ರ ಆಗಸ್ಟ್ 30ರಂದು, 80ನೆಯ ವಯಸ್ಸಿನಲ್ಲಿ. ಅದಕ್ಕೆ ಒಂದು ತಿಂಗಳು ಮೊದಲು, ವಿಮೆಗೆ ದಕ್ಕದ ಚಿಕಿತ್ಸೆಯ ವೆಚ್ಚಕ್ಕಾಗಿ ಆಕೆಯ ಹೆಸರಿನಲ್ಲಿ ಸಾರ್ವಜನಿಕರಿಂದ ಹಣ ಕೂಡಿಸಬೇಕಾಯಿತು. ಮೂರು ತಿಂಗಳ ಮಾತು ಆರೂವರೆ ವರ್ಷವಾಯಿತು, ಬಿಲ್ಲುಗಳೂ ಅಷ್ಟು ಕಾಲ ಬರುತ್ತಲೇ ಇದ್ದವು.

ನಾಲ್ಕು ಎಮ್ಮಿ ಪಡೆದವರ ಪಾಡು ಅದಾದರೆ ನಿಮ್ಮ ಧಾರಾವಾಹಿಯ ನಾದಿನಿಯದು ಏನಿರಬಹುದು? ನಮ್ಮ ಧಾರಾವಾಹಿಗಳ ಪೋಷಕ ಕಲಾವಿದರಿಗೆ ಸಾಮಾನ್ಯವಾಗಿ ಚಿತ್ರೀಕರಣ ನಡೆದ ದಿನಗಳ ಲೆಕ್ಕದಲ್ಲಿ ಸಂಭಾವನೆ; ಹಾಸಿಗೆ ಹಿಡಿದ ದಿನ ಅದು ನಿಲ್ಲುತ್ತದೆ, ನೌಕರರಿಗಿರುವಂಥ ಪಿಂಚಣಿ ಇಲ್ಲ. ಚಿಕಿತ್ಸೆಯ ದುಬಾರಿಯನ್ನು ಕೊಡಗಿನವರಾದ ನಮಗೆ ಯಾರೂ ವಿವರಿಸಬೇಕಾಗಿಲ್ಲ. ದೊಡ್ಡ ಕಾಯಿಲೆ ಬಂದರೆ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ ಓಡುವವರು ನಾವು. ಜಿಲ್ಲೆಗೊಂದು ಸುಸಜ್ಜಿತ ತುರ್ತು ಚಿಕಿತ್ಸಾ ಆಸ್ಪತ್ರೆ ಬೇಕೆಂದು 2019ರಲ್ಲಿ ಜಾಲತಾಣಗಳಲ್ಲಿ ಕೂಗೆಬ್ಬಿಸಿದವರೂ ನಾವೇ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆಗಳು ಹೋದಾಗ, ಸಂತ್ರಸ್ತರಿಗೆಂದು ಹೊರಟ ನೆರವು ದಾರಿಯಲ್ಲಿ ತಡೆದು ನಿಂತರೆ ಏನಾಗುತ್ತದೆಂದು ನಿಮ್ಮ ತಾಲ್ಲೂಕಿನವರು ಬಲ್ಲರು.

ನಿಮ್ಮ ಅತ್ತೆಯವರ ಬಗ್ಗೆ ನೀವು ಬರೆದಿರುವುದು ನನಗೆ ಬಹಳ ಹಿಡಿಸಿತು. ಮಳೆಗಾಲದಲ್ಲಿ ಕರೆಂಟು ಹೋದ ಸಂಜೆಗಳಲ್ಲಿ, ಆ ದಿನದ ಕಂತಿನಲ್ಲಿ ಏನಾಗಿರಬಹುದೆಂದು ಒಲೆಯ ಮುಂದೆ ಕುಳಿತು, ನಾದಿನಿಯ ಧ್ವನಿಯಲ್ಲಿ ತಾವೇ ಕತೆ ಕಟ್ಟುತ್ತಿದ್ದರಂತೆ. ಹಗಲೆಲ್ಲ ನಿಮ್ಮೊಡನೆ ಮುಖ ಕೊಟ್ಟು ಮಾತಾಡದವರು ಆ ಅರ್ಧ ಗಂಟೆ ಸೊಸೆಯನ್ನು ನಗಿಸುತ್ತಿದ್ದರಂತೆ. ಕರಿಮೆಣಸು ಮಾರಿದ ಹಣದಲ್ಲಿ 2,000 ರೂಪಾಯಿ ತೆಗೆದು, ‘ಅವಳ ಔಷಧಿಗೆ’ ಎಂದು ಹೇಳಿ ಕೊಟ್ಟವರು ಅವರು. ಶಾಮಿಯಾನಕ್ಕೆ, ಧ್ವನಿವರ್ಧಕಕ್ಕೆ, ಅತಿಥಿಗಳ ಶಾಲಿಗೆ ಎಂದು ಅವರು ಕೊಡಲಿಲ್ಲ.

ಇನ್ನು ನಿಮ್ಮ ಮೈದುನ. ಆತ ಕಳ್ಳನೆಂದು ನಾನು ಹೇಳುತ್ತಿಲ್ಲ. ತಿಂಗಳುಗಟ್ಟಲೆ ಬೇರೆಯವರ ಹಣವನ್ನು ತನ್ನ ಖಾತೆಯಲ್ಲಿಟ್ಟುಕೊಂಡು, ‘ಒಟ್ಟಿಗೆ ದೊಡ್ಡ ಮೊತ್ತ ಕೊಡೋಣ, ವೇದಿಕೆಯ ಮೇಲೆ ಕೊಡೋಣ’ ಎಂದು ಮುಂದೂಡುವವರು ಪ್ರತಿ ಊರಿನಲ್ಲಿಯೂ ಒಬ್ಬರಿರುತ್ತಾರೆ, ಮತ್ತು ಅವರಿಗೆ ವೇದಿಕೆಯ ಮೇಲೆ ವಿಪರೀತ ಪ್ರೀತಿ ಇರುತ್ತದೆ. ಗುಂಪಿನ ಅಡ್ಮಿನ್ ಆದ ಮಾತ್ರಕ್ಕೆ ದಾನದ ಉದ್ದೇಶವನ್ನು ಬದಲಿಸುವ ಅಧಿಕಾರ ಬರುವುದಿಲ್ಲ. ನಿಮ್ಮ ಯಜಮಾನರ ಮೇಲೆಯೂ ನನಗೆ ಸ್ವಲ್ಪ ಕೋಪವಿದೆ: ತಮ್ಮನಿಗೆ ಹೇಳಬೇಕಾದ ಮಾತನ್ನು ಹೆಂಡತಿಯ ಮೇಲೆ ಬಿಟ್ಟು ತೋಟಕ್ಕೆ ಹೋಗಿಬಿಡುವುದು ಯಾವ ನ್ಯಾಯ?

ನಿಮಗೆ ಒಂದೇ ಕೆಲಸ ಹೇಳುತ್ತೇನೆ. ನಟಿಯ ಅಕ್ಕನ ಮಗಳ ಪರಿಚಯವಿದೆ ಎಂದು ಬರೆದಿದ್ದೀರಿ. ಅವರಿಗೆ ಫೋನ್ ಮಾಡಿ, ಈ ಹಣವನ್ನು ಕುಟುಂಬ ಸ್ವೀಕರಿಸುವುದೇ ಎಂದು ಕೇಳಿ, ಆಸ್ಪತ್ರೆಯ ಖಾತೆಯ ವಿವರವನ್ನೂ ರೋಗಿಯ ನೋಂದಣಿ ಸಂಖ್ಯೆಯನ್ನೂ ಪಡೆದು, ಈ ಶನಿವಾರದೊಳಗೆ ಪೂರ್ತಿ 68,000 ರೂಪಾಯಿ ಮೈದುನನ ಖಾತೆಯಿಂದ ನೇರವಾಗಿ ಅಲ್ಲಿಗೆ ಹೋಗುವಂತೆ ಮಾಡಿ. ಕುಟುಂಬ ಬೇಡವೆಂದರೆ ಕೊಟ್ಟವರಿಗೆ ವಾಪಸು, ನಿಮ್ಮ ಅತ್ತೆಯವರ ಎರಡು ಸಾವಿರವೂ ಸೇರಿ. ಆತನೊಡನೆ ಒಬ್ಬರೇ ಮಾತಾಡಬೇಡಿ. ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಅಮ್ಮ ಕೊಟ್ಟ ಹಣಕ್ಕೆ ರಶೀದಿ ಬೇಕಂತೆ’ ಎಂದಷ್ಟೇ ಹೇಳಿ. ಅತ್ತಿಗೆಯೊಡನೆ ವಾದಿಸುವವನು ಹೆತ್ತ ತಾಯಿಯೆದುರು ವಾದಿಸುವುದು ಕಷ್ಟ. ಬಂದ ರಶೀದಿಯನ್ನು ಗುಂಪಿನಲ್ಲಿ ಎಲ್ಲರೂ ನೋಡಲಿ, ನೋಂದಣಿ ಸಂಖ್ಯೆಯನ್ನು ಮರೆಮಾಡಿ.

ಶಕುನದ ಪ್ರಶ್ನೆಗೆ ಹೆಚ್ಚು ಮಾತು ಬೇಡ. ಬದುಕಿರುವವರ ಚಿತ್ರಕ್ಕೆ ಹಾರ ಹಾಕುವುದು ಶಕುನದ ಮಾತಿರಲಿ, ಅವಿವೇಕ. ಆ ಚಿತ್ರ ಯಾರದಾದರೂ ಮೊಬೈಲಿನಿಂದ ಆಕೆಯ ಹಾಸಿಗೆಯವರೆಗೆ ಹೋಗಿಯೇ ಹೋಗುತ್ತದೆ. ಹಾರವಿಲ್ಲದೆ, ಬಾಡಿಗೆಯನ್ನು ಬೇರೆಯಾಗಿ ವಂತಿಗೆ ಹಾಕಿ ಸಂಜೆ ನಡೆಸುವುದಾದರೆ ನಡೆಸಲಿ. ರಶೀದಿ ಕಣ್ಣಿಗೆ ಬೀಳುವವರೆಗೆ ನಿರೂಪಣೆಗೆ ಒಪ್ಪಬೇಡಿ.