ನಿಯೋಡಿಮಿಯಮ್ ಎಂಬ ಲೋಹದ ಲವಣವಾದ ನಿಯೋಡಿಮಿಯಮ್ ಕ್ಲೋರೈಡ್ ಹರಳನ್ನು ಕಾಯಿಸಿದರೆ ನೀರು ಆರಿ ಒಣ ಲವಣ ಸಿಗುವುದಿಲ್ಲವೇ?

ಸಿಗುವುದಿಲ್ಲ, ಎಡವುವುದು ಅಲ್ಲೇ. ಮೊದಲ ಹಂತವೇನೋ ಸಲೀಸು: ತಿಳಿನೀಲಿ ಛಾಯೆಯ ನಿಯೋಡಿಮಿಯಮ್ ಆಕ್ಸೈಡ್ ಪುಡಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ದ್ರಾವಣವನ್ನು ಇಂಗಿಸಿ ತಣಿಯಲು ಬಿಟ್ಟರೆ ನಸುನೇರಳೆ ಹರಳು ಕೂರುತ್ತದೆ. ಪ್ರತಿ ಲವಣ ಘಟಕಕ್ಕೆ ಆರು ನೀರಿನ ಅಣು. ಇದನ್ನು ಹಾಗೇ ಕಾಯಿಸಿದರೆ ಆ ನೀರೇ ಲವಣದ ಮೇಲೆ ತಿರುಗಿಬೀಳುತ್ತದೆ. ಹೈಡ್ರೋಜನ್ ಕ್ಲೋರೈಡ್ ಹೊಗೆಯಾಗಿ ಹೋಗಿ, ನೀರಿನಲ್ಲಿ ಕರಗದ ಆಕ್ಸಿಕ್ಲೋರೈಡ್, ಅಂದರೆ ಕ್ಲೋರಿನ್ ಜೊತೆ ಆಮ್ಲಜನಕವೂ ಸೇರಿದ ಸಂಯುಕ್ತ, ಉಳಿಯುತ್ತದೆ.

ಅದಕ್ಕೇ ಹರಳಿನ ಜೊತೆ ಧಾರಾಳವಾಗಿ ನವಸಾಗರ, ಅಂದರೆ ಅಮೋನಿಯಮ್ ಕ್ಲೋರೈಡ್ ಬೆರೆಸಿ ನಿಧಾನವಾಗಿ ಕಾಯಿಸುತ್ತಾರೆ. ಅದು ಒಡೆದು ಹೈಡ್ರೋಜನ್ ಕ್ಲೋರೈಡ್ ಕೊಡುತ್ತಿರುವುದರಿಂದ ಆಕ್ಸಿಕ್ಲೋರೈಡ್ ತಲೆಯೆತ್ತುವುದಿಲ್ಲ. ಮಿಕ್ಕ ನವಸಾಗರವನ್ನು ನಿರ್ವಾತದಲ್ಲಿ ಇನ್ನಷ್ಟು ಕಾಯಿಸಿ ಹಾರಿಸಿಬಿಡುತ್ತಾರೆ. ಉಳಿದ ಒಣ ಲವಣ ಕರಗುವುದು ಸುಮಾರು 758 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಗಾಳಿಗಿಟ್ಟರೆ ತೇವ ಹೀರುತ್ತದೆ, ಬಾಟಲಿಯ ಮುಚ್ಚಳ ಬಿಗಿಯಾಗಿರಲಿ.

ನನಗೆ ಇಷ್ಟವಾದದ್ದು ಇದರ ಬಣ್ಣದಾಟ. ಬಿಸಿಲಲ್ಲಿ ನೇರಳೆ ಕಾಣುವ ಹರಳನ್ನು ಟ್ಯೂಬ್‌ಲೈಟ್ ಕೆಳಗೆ ತಂದರೆ ಮಾಸಲು ಹಳದಿ! ನಿಯೋಡಿಮಿಯಮ್ ಅಯಾನು ಹೀರುವ ಬೆಳಕಿನ ಪಟ್ಟೆಗಳು ಬಲು ಕಿರಿದು, ಟ್ಯೂಬ್‌ಲೈಟಿನ ಬೆಳಕೂ ಬಿಡಿ ಪಟ್ಟೆಗಳದ್ದೇ. ಯಾವುದು ಯಾವುದರ ಮೇಲೆ ಬಿತ್ತೋ ಅದರಂತೆ ಬಣ್ಣ.