ಎರಡನೇ ಸಹಿ

ಹಿರಿಯರ ಮೇಲಿನ ಗೌರವಕ್ಕೆ ಕಟ್ಟುಬಿದ್ದು ಪರಿಶೀಲನೆಯನ್ನು ಕೈಬಿಟ್ಟು, ಆಮೇಲೆ ಒಳಗೊಳಗೇ ಕುಸಿಯುವವರು ಆಪ್ತಸಲಹೆಗಾರ್ತಿಯಾದ ನನ್ನಲ್ಲಿಗೆ ಮತ್ತೆ ಮತ್ತೆ ಬರುತ್ತಾರೆ. ಈ ಪ್ರಕರಣದಲ್ಲಿ ನಾನು ಕೊಟ್ಟ ಸಲಹೆಗೆ ಸಹೋದ್ಯೋಗಿಗಳಿಂದ ಆಕ್ಷೇಪವೂ ಬಂದಿದ್ದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಬಂದವರು ಹೆಲಿಕಾಪ್ಟರ್ ನಿರ್ವಹಣಾ ಎಂಜಿನಿಯರ್. ನಿದ್ದೆಯಿಲ್ಲ, ರಾತ್ರಿ ಎದ್ದೆದ್ದು ಗ್ಯಾಸ್ ಆರಿಸಿದೆಯೇ ಎಂದು ನೋಡುತ್ತಾರೆ. ರೋಟರಿನ, ಅಂದರೆ ಹೆಲಿಕಾಪ್ಟರಿನ ತಿರುಗುವ ರೆಕ್ಕೆಗಳ, ನಿಯಂತ್ರಣ ಭಾಗಗಳನ್ನು ಬಿಚ್ಚಿ ಜೋಡಿಸಿದಾಗ, ಕೆಲಸ ಮಾಡಿದವರಲ್ಲದೆ ಇನ್ನೊಬ್ಬರು ಸ್ವತಂತ್ರವಾಗಿ ನೋಡಿ ಸಹಿ ಹಾಕಬೇಕು. ತಮಗೆ ಕೆಲಸ ಕಲಿಸಿದ ಹಿರಿಯರು ಜೋಡಿಸಿದ್ದಕ್ಕೆ ಇವರು ನೋಡದೆಯೇ ಆ ಎರಡನೇ ಸಹಿ ಹಾಕಿದ್ದರು. ಮರುದಿನ ಹಾರಾಟಕ್ಕೆ ಮುಂಚೆ ಬೇರೆ ಕೆಲಸಕ್ಕೆಂದು ಕವಚ ತೆರೆದರೆ, ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಅಲ್ಲಿರಲಿಲ್ಲ. ಇವರೇ ಪಿನ್ ಹಾಕಿ ಮುಚ್ಚಿದರು. ಯಾರಿಗೂ ಹೇಳಲಿಲ್ಲ, ದಾಖಲಿಸಲೂ ಇಲ್ಲ.

ಇದು ಸಣ್ಣ ಸಂಗತಿಯಲ್ಲ. 2011ರ ಡಿಸೆಂಬರ್ 7ರಂದು ಅಮೆರಿಕದ ಲಾಸ್ ವೇಗಸ್ ಬಳಿ ಪ್ರವಾಸಿ ಹೆಲಿಕಾಪ್ಟರ್ ಬಿದ್ದು ಪೈಲಟ್ ಸೇರಿ 5 ಮಂದಿ ಸತ್ತರು. ಹಿಂದಿನ ದಿನದ ನಿರ್ವಹಣೆಯಲ್ಲಿ ಸವೆದ ನಟ್ಟನ್ನೇ ಮತ್ತೆ ಬಳಸಿದ್ದು, ಸ್ಪ್ಲಿಟ್ ಪಿನ್ ಸರಿಯಾಗಿ ಹಾಕದೆ ಅಥವಾ ಹಾಕದೆಯೇ ಬಿಟ್ಟದ್ದು, ಪರಿಶೀಲಿಸಿದವರೂ ಅದನ್ನು ಗಮನಿಸದೆ ಹೋದದ್ದು ತನಿಖೆಯಲ್ಲಿ ಹೊರಬಂತು. ಮೆಕ್ಯಾನಿಕ್ ಮತ್ತು ಪರಿಶೀಲಕ ಇಬ್ಬರ ದಣಿವನ್ನೂ ತನಿಖೆ ಎತ್ತಿ ಹೇಳಿತು. ಎಂಜಿನ್ ನಿಂತರೆ ಆಟೊರೊಟೇಶನ್‌ನಿಂದ, ಅಂದರೆ ಕೆಳಗಿನಿಂದ ನುಗ್ಗುವ ಗಾಳಿಯ ಬಲದಿಂದಲೇ ರೋಟರ್ ತಿರುಗುವಂತೆ ಮಾಡಿ, ಇಳಿಸುವ ಅವಕಾಶವಾದರೂ ಇರುತ್ತದೆ; ನಿಯಂತ್ರಣದ ಕೊಂಡಿಯೇ ಕಳಚಿದರೆ ಪೈಲಟ್ ಮಾಡುವಂಥದ್ದು ಏನೂ ಉಳಿಯುವುದಿಲ್ಲ.

“ಗುರುಗಳು ಮಾಡಿದ್ದನ್ನು ಟಾರ್ಚ್ ಹಿಡಿದು ನೋಡಿದರೆ ಅವರಿಗೆ ಅವಮಾನವಲ್ಲವೇ ಮೇಡಂ?” ಎಂದು ಅವರು ಕೇಳಿದರು. ಕೆಲಸ ಮಾಡಿದವರ ಕಣ್ಣು ತಾನು ಮಾಡಿದೆನೆಂದುಕೊಂಡದ್ದನ್ನೇ ಕಾಣುತ್ತದೆ, ಎಷ್ಟೇ ನಿಪುಣರಾದರೂ ಅದು ತಪ್ಪಿದ್ದಲ್ಲ, ನಿಯಮ ಇರುವುದು ಅದಕ್ಕೇ ಹೊರತು ಯಾರ ಪ್ರಾಮಾಣಿಕತೆಯನ್ನೂ ಅಳೆಯುವುದಕ್ಕಲ್ಲ ಎಂದೆ. ತಲೆಯಾಡಿಸಿದರು, ಇದೆಲ್ಲ ಅವರಿಗೆ ತರಬೇತಿಯಲ್ಲೇ ತಿಳಿದಿದ್ದ ಮಾತು. ಆಗ ಕೇಳಿದೆ: “ಸರಿ, ನೀವು ಹಾಕಿದ ಪಿನ್ನನ್ನು ಎರಡನೆಯವರು ಯಾರು ನೋಡಿದರು?”

ಬಹಳ ಹೊತ್ತಿನ ಮೇಲೆ ಉತ್ತರ ಬಂತು. “ಯಾರೂ ನೋಡಿಲ್ಲ. ಆ ಹೆಲಿಕಾಪ್ಟರ್ ಇವತ್ತೂ ಹಾರಿದೆ.”

ಮುಂದಿನ ಭೇಟಿಗೆ ಕಾಯದೆ ಅಂದೇ ಸಂಸ್ಥೆಯ ಸುರಕ್ಷತಾ ಅಧಿಕಾರಿಗೆ ಫೋನ್ ಮಾಡಿ ಆ ಜಾಗವನ್ನು ಪರಿಶೀಲಿಸಲು ಕೇಳಬೇಕು, ತಮ್ಮ ಸಹಿಯ ವಿಷಯವನ್ನೂ ಸೇರಿಸಿ ಲಿಖಿತ ವರದಿ ಕೊಡಬೇಕು, ಗುರುಗಳಿಗೆ ಅದು ಬೇರೆಯವರ ಬಾಯಿಂದ ತಿಳಿಯುವ ಮೊದಲು ತಾವೇ ಹೇಳಬೇಕು ಎಂದೆ. ಇತರರ ಜೀವಕ್ಕೆ ಅಪಾಯವಿದ್ದರೆ ಗೋಪ್ಯತೆಗೆ ಮಿತಿಯಿದೆ ಎಂಬ ಮೊದಲ ದಿನದ ಮಾತನ್ನೂ ನೆನಪಿಸಿದೆ.

ಸಲಹೆಗಾರರು ಅಪ್ಪಣೆ ಕೊಡಬಾರದು ಎಂಬುದು ಆಕ್ಷೇಪ. ಸಾಮಾನ್ಯವಾಗಿ ನಾನೂ ಕೊಡುವವಳಲ್ಲ. ಆದರೆ ಆ ಹೆಲಿಕಾಪ್ಟರಿನಲ್ಲಿ ಕೂರುವವರು ನನ್ನ ಕೋಣೆಗೆ ಬಂದು ತಮ್ಮ ಪಾಲಿನ ಮಾತಾಡುವಂತಿರಲಿಲ್ಲ. ಅಲ್ಲದೆ ಈ ಎಂಜಿನಿಯರ್ ಅವರ ಆತಂಕವನ್ನು ಬರೀ ರೋಗಲಕ್ಷಣವೆಂದು ಬಗೆದು ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದ್ದರೆ, ಸಕಾರಣವಾಗಿಯೇ ಬೊಗಳುತ್ತಿದ್ದ ಕಾವಲುನಾಯಿಯ ಬಾಯಿ ಕಟ್ಟಿದಂತಾಗುತ್ತಿತ್ತು.

ಅವರು ಅಂದೇ ಫೋನ್ ಮಾಡಿದರು. ಪಿನ್ ಸರಿಯಾಗಿಯೇ ಇತ್ತು. ನಿದ್ದೆ ಸುಧಾರಿಸಿದೆ, ಗುರುಗಳು ಮಾತ್ರ ಮಾತು ಬಿಟ್ಟಿದ್ದಾರೆ. ತಪ್ಪು ಒಪ್ಪಿಕೊಂಡವರನ್ನು ಎಲ್ಲ ಸಂಸ್ಥೆಗಳೂ ಕಾಯುತ್ತವೆಂಬ ಭರವಸೆಯನ್ನು ನಾನು ಕೊಡಲಾರೆ. ವರದಿಯ ಪ್ರತಿಯನ್ನು, ಅದು ತಲುಪಿದ್ದಕ್ಕೆ ಸ್ವೀಕೃತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಲು ಹೇಳಿದ್ದೇನೆ.